ಅರ್ಲಿ ಆಕ್ಸೆಸ್‌ನಲ್ಲಿರುವ ಸರ್ವೈವಲ್ ಆಟ: ಪ್ರತಿ ಅಪ್‌ಡೇಟಿಗೂ ಹೊಸ ಲೋಕ ಆರಂಭಿಸಬೇಕೇ, 1.0 ಬರುವವರೆಗೆ ಕಾಯಬೇಕೇ?

ನದಿತಿರುವು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇನ್ನೂ ಅರ್ಲಿ ಆಕ್ಸೆಸ್‌ನಲ್ಲಿರುವ, ಅಂದರೆ ಪೂರ್ತಿಯಾಗುವ ಮೊದಲೇ ಮಾರಾಟಕ್ಕೆ ಬಂದಿರುವ, ಒಂದು ಸರ್ವೈವಲ್ (ಬದುಕುಳಿಯುವ) ಆಟವನ್ನು ನಾನು ಮತ್ತು ನನ್ನ ತಮ್ಮ ಕಳೆದ ಐದು ತಿಂಗಳಿಂದ ಆಡುತ್ತಿದ್ದೇವೆ. ಆಟದ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಅದನ್ನು ತಯಾರಿಸುತ್ತಿರುವ ಚಿಕ್ಕ ತಂಡದ ಮೇಲೆ ದೂರು ಹೊರಿಸುವುದು ನನ್ನ ಉದ್ದೇಶವಲ್ಲ, ಅಲ್ಲದೆ ನನ್ನ ಪ್ರಶ್ನೆ ಈ ಬಗೆಯ ಆಟಗಳಿಗೆಲ್ಲ ಅನ್ವಯಿಸುತ್ತದೆ ಎಂದು ನನಗನ್ನಿಸುತ್ತದೆ.

ನಮ್ಮ ಲೋಕದಲ್ಲಿ ಸುಮಾರು 140 ಗಂಟೆ ಕಳೆದಿದ್ದೇವೆ. ಬರಿಗೈಯಲ್ಲಿ ದಡ ಸೇರಿದ ನಾವು ಕಲ್ಲು, ಕಡ್ಡಿ ಕೂಡಿಸಿ ಮೊದಲ ಕೊಡಲಿ ಮಾಡಿಕೊಂಡೆವು. ಮೊದಲ ಮೂರು ರಾತ್ರಿಗಳನ್ನು ಒಂದು ಬಂಡೆಯ ಸಂದಿಯಲ್ಲಿ ಬೆಂಕಿ ಆರದಂತೆ ಕಾಯುತ್ತ ಕಳೆದು, ಆಮೇಲೆ ನದಿ ತಿರುಗುವ ಕಡೆ ಎತ್ತರದ ಜಾಗವೊಂದನ್ನು ಹುಡುಕಿ ಮನೆ ಕಟ್ಟಿದೆವು. ಕೆಳಗೆ ಮೀನು ಒಣಗಿಸುವ ಚಪ್ಪರ, ಮೇಲೆ ಉಗ್ರಾಣ, ನದಿಯ ಕಡೆಗೆ ಮುಖ ಮಾಡಿದ ಕಾವಲು ಅಟ್ಟ ಎಲ್ಲವೂ ಇದ್ದವು. ಹಿಂದಿನ ತಿಂಗಳು ಬಂದ ಅಪ್‌ಡೇಟಿನಲ್ಲಿ ಮ್ಯಾಪಿನ ಆ ಭಾಗವನ್ನು ಪೂರ್ತಿ ಹೊಸದಾಗಿ ರೂಪಿಸಿದ್ದರು. ನಾವು ಲೋಕವನ್ನು ತೆರೆದಾಗ ಮನೆಯ ಅರ್ಧ ಭಾಗ ಮಣ್ಣಿನೊಳಗೆ ಹೂತುಹೋಗಿತ್ತು. ಉಳಿದರ್ಧದ ಕೆಳಗೆ ನೆಲವೇ ಇರಲಿಲ್ಲ. ಒಂದೆರಡು ಕ್ಷಣ ಗಾಳಿಯಲ್ಲಿ ನಿಂತಿದ್ದ ಆ ಭಾಗ ನಮ್ಮ ಕಣ್ಣೆದುರಿಗೇ ತೊಲೆ ತೊಲೆಯಾಗಿ ಕಳಚಿ ಬಿತ್ತು, ಅದರೊಂದಿಗೆ ಪೆಟ್ಟಿಗೆಗಳಲ್ಲಿದ್ದ ಸಾಮಾನೂ ಹೋಯಿತು. ಹೊಸ ಲೋಕ ಆರಂಭಿಸುವುದು ಒಳ್ಳೆಯದು ಎಂದು ಪ್ಯಾಚ್ ನೋಟ್ಸ್‌ನಲ್ಲಿ (ಅಪ್‌ಡೇಟಿನ ಬದಲಾವಣೆಗಳ ಪಟ್ಟಿಯಲ್ಲಿ) ಬರೆದಿದ್ದರಂತೆ. ನಾವು ಅದನ್ನು ಓದಿರಲಿಲ್ಲ.

ಈಗ ಇದಕ್ಕಿಂತ ದೊಡ್ಡ ಅಪ್‌ಡೇಟೊಂದು ಬರಲಿದೆ, ಅದರಲ್ಲಿ ಹಳೆಯ ಸೇವ್‌ಗಳು (ಆಡಿದ್ದನ್ನು ಉಳಿಸಿಟ್ಟ ಫೈಲುಗಳು) ತೆರೆದುಕೊಳ್ಳುವುದೇ ಇಲ್ಲ ಎಂದು ತಂಡದವರು ತಿಳಿಸಿದ್ದಾರೆ. 1.0, ಅಂದರೆ ಪೂರ್ಣ ಆವೃತ್ತಿ, ಬರುವ ತನಕ ಆಟವನ್ನು ಮುಟ್ಟುವುದೇ ಬೇಡ ಎಂಬುದು ತಮ್ಮನ ಮಾತು. ನನಗೆ ಆಟದ ಮೇಲಿನ ಪ್ರೀತಿ ಹೋಗಿಲ್ಲ, ಆದರೆ ಮತ್ತೊಮ್ಮೆ ಕೊಡಲಿಯಿಂದ ಆರಂಭಿಸಿ ಮತ್ತೆ ಅದನ್ನೇ ಕಳೆದುಕೊಳ್ಳುವ ಮನಸ್ಸೂ ಇಲ್ಲ. ಅಪ್‌ಡೇಟುಗಳು ಹಳೆಯ ಲೋಕವನ್ನು ಏಕೆ ಹೀಗೆ ಮುರಿಯುತ್ತವೆ, ಅದನ್ನು ಉಳಿಸಿಕೊಳ್ಳಲು ದಾರಿಯಿದೆಯೇ, ಇಲ್ಲದಿದ್ದರೆ ಕಾಯುವುದೇ ಸರಿಯೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಕಲ್ಲುಕೊಡಲಿ

ನದಿತಿರುವು ಅವರೇ, ನಿಮ್ಮ ಮನೆಗೆ ಏನಾಯಿತು ಎಂಬುದನ್ನು ಮೊದಲು ಬಿಡಿಸಿ ಹೇಳುತ್ತೇನೆ. ಅದು ತಿಳಿದರೆ ಮುಂದಿನ ಅಪ್‌ಡೇಟುಗಳಲ್ಲಿ ಏನು ಉಳಿದೀತು, ಏನು ಹೋದೀತು ಎಂಬುದನ್ನು ನೀವೇ ಅಂದಾಜು ಮಾಡಬಲ್ಲಿರಿ.

ಕಥೆ ಹೇಳುವ ಆಟವೊಂದರಲ್ಲಿ ನೀವು ಯಾವ ಹಂತದಲ್ಲಿದ್ದೀರಿ, ಕೈಯಲ್ಲಿ ಏನೇನಿದೆ ಎಂಬಷ್ಟನ್ನು ಬರೆದಿಟ್ಟರೆ ಸೇವ್ ಆಗುತ್ತದೆ. ಸರ್ವೈವಲ್ ಆಟದಲ್ಲಿ ಹಾಗಲ್ಲ. ಕಡಿದ ಮರ, ಅಗೆದ ಗುಂಡಿ, ನೆಟ್ಟ ಕಂಬ, ಪೆಟ್ಟಿಗೆಯೊಳಗಿನ ಕೊನೆಯ ಮೊಳೆ ಎಲ್ಲವೂ ನೆನಪಿನಲ್ಲಿರಬೇಕು. ಇಡೀ ಭೂಮಿಯನ್ನೂ ಅದರ ಜೊತೆಗೆ ಬರೆದಿಟ್ಟರೆ ಫೈಲು ವಿಪರೀತ ದೊಡ್ಡದಾಗುತ್ತದೆ. ಆದ್ದರಿಂದ ಇಂತಹ ಬಹುತೇಕ ಆಟಗಳು ಮೂಲ ಭೂಮಿಯನ್ನು ಸೇವ್‌ನಲ್ಲಿ ಇಡುವುದಿಲ್ಲ. ಅದರ ಮೇಲೆ ನೀವು ಮಾಡಿದ ಬದಲಾವಣೆಗಳ ಪಟ್ಟಿಯನ್ನಷ್ಟೇ ಇಡುತ್ತವೆ. ನೀವು ಆಡುತ್ತಿರುವುದು ಕೈಯಿಂದ ರೂಪಿಸಿದ ಮ್ಯಾಪ್ ಇರುವ ಆಟವೆಂದು ತೋರುತ್ತದೆ. ಅಲ್ಲಿ ನದಿ, ದಿಬ್ಬ, ಕಣಿವೆಗಳು ಆಟದ ಸ್ವಂತ ಫೈಲುಗಳಲ್ಲಿರುತ್ತವೆ, ನಿಮ್ಮ ತೊಲೆಗಳು ಸೇವ್‌ನಲ್ಲಿರುತ್ತವೆ. ಅಪ್‌ಡೇಟ್ ಬಂದಾಗ ದಿಬ್ಬ ಬದಲಾಯಿತು, ತೊಲೆಗಳು ಮಾತ್ರ ಹಳೆಯ ಎತ್ತರದಲ್ಲೇ ಉಳಿದವು. ಯಾವ ಗೋಡೆ ಯಾವ ಆಧಾರದ ಮೇಲೆ ನಿಂತಿದೆ ಎಂದು ಆಟ ಲೆಕ್ಕ ಹಾಕಿದ ಕ್ಷಣದಲ್ಲಿ ಆಧಾರವಿಲ್ಲದ ಭಾಗ ಕುಸಿದಿದೆ. ಇದನ್ನು ಬಗ್ ಎನ್ನಲಾಗದು. ಎರಡು ಬೇರೆ ಬೇರೆ ಕಾಲದ ದಾಖಲೆಗಳನ್ನು ಒಂದರ ಮೇಲೊಂದು ಇಟ್ಟಾಗ ಆಗಲೇಬೇಕಾದದ್ದು ಆಗಿದೆ.

ಸೀಡ್ ಎಂಬ ಒಂದು ಮೂಲ ಸಂಕೇತದಿಂದ ಭೂಮಿಯನ್ನು ಲೆಕ್ಕ ಹಾಕಿ ಸೃಷ್ಟಿಸುವ ಆಟಗಳಲ್ಲಿ ತೊಂದರೆಯ ಸ್ವರೂಪವೇ ಬೇರೆ. ವಾಲ್‌ಹೈಮ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಲೋಕವನ್ನು 64 ಮೀಟರ್ ಉದ್ದಗಲದ ತುಂಡುಗಳಾಗಿ ವಿಂಗಡಿಸಲಾಗಿದೆ. ಆಟಗಾರ ಮೊದಲ ಬಾರಿಗೆ ಒಂದು ತುಂಡನ್ನು ಸಮೀಪಿಸಿದಾಗ ಅದರೊಳಗಿನ ಮರ, ಬಂಡೆ, ಗುಹೆ, ಪಾಳುಕಟ್ಟಡಗಳು ಹುಟ್ಟಿ ಸೇವ್‌ನಲ್ಲಿ ದಾಖಲಾಗುತ್ತವೆ, ಒಮ್ಮೆ ದಾಖಲಾದ ಮೇಲೆ ಅವು ತಾವಾಗಿ ಬದಲಾಗುವುದಿಲ್ಲ. 2022ರ ಡಿಸೆಂಬರಿನಲ್ಲಿ ಮಿಸ್ಟ್‌ಲ್ಯಾಂಡ್ಸ್ ಅಪ್‌ಡೇಟ್ ಬಂದಾಗ, ಯಾರೂ ಕಾಲಿಡದ ಪ್ರದೇಶಗಳಲ್ಲಿ ಹೊಸ ವಸ್ತುಗಳೆಲ್ಲ ಕಾಣಿಸಿಕೊಂಡವು, ಈಗಾಗಲೇ ಸುತ್ತಾಡಿದ್ದ ಪ್ರದೇಶಗಳು ಹಳೆಯ ಸ್ಥಿತಿಯಲ್ಲೇ ಉಳಿದವು. ಹಾಗಾಗಿ ಸೀಡ್ ಆಧಾರಿತ ಆಟವನ್ನು ಅರ್ಲಿ ಆಕ್ಸೆಸ್‌ನಲ್ಲಿ ಆಡುವವರಿಗೆ ನನ್ನ ಮೊದಲ ಸಲಹೆ ಏನೆಂದರೆ, ಕೆಲಸವಿಲ್ಲದೆ ದೂರದ ದ್ವೀಪಗಳನ್ನು ಸುತ್ತಬೇಡಿ, ಲೋಕದ ಒಂದು ಪಾಲನ್ನು ಮುಟ್ಟದೆ ಮೀಸಲಿಡಿ. ಪೂರ್ಣಗೊಂಡ ಆಟಗಳಿಗೂ ಈ ಸಮಸ್ಯೆ ತಪ್ಪಿಲ್ಲ. ಮೈನ್‌ಕ್ರಾಫ್ಟ್‌ನಲ್ಲಿ ಭೂಮಿಯನ್ನು ಸೃಷ್ಟಿಸುವ ವಿಧಾನ ಬದಲಾದಾಗ ಹಳೆಯ ಮತ್ತು ಹೊಸ ನೆಲ ಸೇರುವ ಕಡೆ ಕತ್ತರಿಸಿದಂತಹ ಗೋಡೆಗಳು ಕಾಣಿಸಿಕೊಳ್ಳುತ್ತಿದ್ದವು. 2021ರ ನವೆಂಬರಿನಲ್ಲಿ ಬಂದ 1.18 ಆವೃತ್ತಿಯಲ್ಲಿ ಆ ಗಡಿಗಳನ್ನು ನಯವಾಗಿ ಬೆಸೆಯುವ ವ್ಯವಸ್ಥೆಯನ್ನು ತಂದರು, ಹಳೆಯ ನೆಲದ ಅಡಿಯಲ್ಲಿ ಹೊಸ ಆಳವನ್ನೂ ಸೇರಿಸಿದರು. ಅಷ್ಟು ದೊಡ್ಡ ತಂಡಕ್ಕೇ ಅದು ವರ್ಷಗಳ ನಂತರ ಸಾಧ್ಯವಾಯಿತೆಂದರೆ, ಕೆಲವೇ ಜನರಿರುವ ತಂಡದಿಂದ ಅದನ್ನು ನಿರೀಕ್ಷಿಸುವುದು ಕಷ್ಟ.

ಕೆಲವೊಮ್ಮೆ ಸೇವ್ ಸರಾಗವಾಗಿ ತೆರೆದುಕೊಳ್ಳುತ್ತದೆ, ಆದರೆ ಬದುಕುವ ಲೆಕ್ಕವೇ ಬದಲಾಗಿರುತ್ತದೆ. ಅದೇ ವಾಲ್‌ಹೈಮ್‌ನ 2021ರ ಸೆಪ್ಟೆಂಬರಿನ ಅಪ್‌ಡೇಟ್ ಆಹಾರದ ವ್ಯವಸ್ಥೆಯನ್ನು ತಿದ್ದಿ, ಕೆಲವು ಆಹಾರಗಳು ಮುಖ್ಯವಾಗಿ ಆರೋಗ್ಯವನ್ನೂ ಕೆಲವು ಮುಖ್ಯವಾಗಿ ದೇಹಬಲವನ್ನೂ ಕೊಡುವಂತೆ ಮಾಡಿತು. ಹಳೆಯ ಉಗ್ರಾಣ ಹಾಗೇ ಇತ್ತು, ಆದರೆ ಯುದ್ಧಕ್ಕೆ ಹೊರಡುವ ಮುನ್ನ ಏನು ತಿನ್ನಬೇಕೆಂಬುದನ್ನು ಎಲ್ಲರೂ ಹೊಸದಾಗಿ ಕಲಿಯಬೇಕಾಯಿತು.

ಇನ್ನು ಸೇವ್ ತೆರೆದುಕೊಳ್ಳುವುದೇ ಇಲ್ಲ ಎಂಬ ಸಂದರ್ಭ. ಸೇವ್‌ನೊಳಗೆ ಮಾಹಿತಿಯನ್ನು ಬರೆಯುವ ಕ್ರಮವೇ ಬದಲಾದಾಗ ಹೀಗಾಗುತ್ತದೆ. ಪ್ರಾಜೆಕ್ಟ್ ಝಾಂಬಾಯ್ಡ್‌ನ ಬಿಲ್ಡ್ 42 ಎಂಬ ಆವೃತ್ತಿ 2024ರ ಡಿಸೆಂಬರಿನಲ್ಲಿ ಬಂದಾಗ ಬಿಲ್ಡ್ 41ರ ಸೇವ್‌ಗಳು ಅದರಲ್ಲಿ ನಡೆಯಲಿಲ್ಲ. ಆದರೆ ಆ ತಂಡ ಹೊಸ ಆವೃತ್ತಿಯನ್ನು ಎಲ್ಲರ ಮೇಲೆ ಹೇರದೆ ಪ್ರತ್ಯೇಕ ಶಾಖೆಯಲ್ಲಿಟ್ಟು, ಬಿಲ್ಡ್ 41 ಅನ್ನೇ ಮಾಮೂಲಿ ಆವೃತ್ತಿಯಾಗಿ ಉಳಿಸಿತು. ಹಳೆಯ ಲೋಕವನ್ನು ಬಿಡಲು ಮನಸ್ಸಿಲ್ಲದವರು ಅದರಲ್ಲೇ ಮುಂದುವರಿದರು. ಇದು ಸರಿಯಾದ ಕ್ರಮವೆಂದು ನಾನು ಭಾವಿಸುತ್ತೇನೆ, ಮತ್ತು ನಿಮ್ಮ ಆಟದಲ್ಲೂ ಈ ಸೌಲಭ್ಯ ಇರಬಹುದು. ಆಟಗಳನ್ನು ಕೊಂಡು ಆಡುವ ಸ್ಟೀಮ್ ಅಂಗಡಿಯ ಲೈಬ್ರರಿಯಲ್ಲಿ ಆಟದ ಪ್ರಾಪರ್ಟೀಸ್ ತೆರೆದು ಬೀಟಾಸ್ ಎಂಬಲ್ಲಿ ನೋಡಿ. ತಂಡ ಹಳೆಯ ಆವೃತ್ತಿಗಳನ್ನು ಉಳಿಸಿದ್ದರೆ ಅಲ್ಲಿ ಹೆಸರುಗಳು ಕಾಣುತ್ತವೆ. ಬೇಕಾದ ಆವೃತ್ತಿಯನ್ನು ದೊಡ್ಡ ಅಪ್‌ಡೇಟ್ ಬರುವ ಮೊದಲೇ ಆರಿಸಿಟ್ಟರೆ ಆಟ ಅದರಲ್ಲೇ ನಿಲ್ಲುತ್ತದೆ.

ಶಾಖೆ ಇರಲಿ ಬಿಡಲಿ, ಸೇವ್‌ನ ನಕಲನ್ನು ನೀವೇ ಇಟ್ಟುಕೊಳ್ಳಿ. ಆಟವನ್ನು ಪೂರ್ತಿ ಮುಚ್ಚಿದ ಮೇಲೆ ಸೇವ್ ಫೋಲ್ಡರನ್ನು ಇಡಿಯಾಗಿ ಬೇರೆಡೆಗೆ ನಕಲಿಸಿ, ದಿನಾಂಕವನ್ನೂ ಆವೃತ್ತಿಯ ಸಂಖ್ಯೆಯನ್ನೂ ಅದರ ಹೆಸರಿನಲ್ಲೇ ಬರೆಯಿರಿ. ಫೋಲ್ಡರಿನೊಳಗಿನ ಒಂದೇ ಫೈಲನ್ನು ಆರಿಸಿ ನಕಲಿಸಬೇಡಿ. ಹಲವು ಆಟಗಳು ಲೋಕವನ್ನು ಎರಡು ಮೂರು ಫೈಲುಗಳಲ್ಲಿ ಹಂಚಿ ಇಡುತ್ತವೆ, ಜೊತೆ ತಪ್ಪಿದ ಫೈಲು ಉಪಯೋಗಕ್ಕೆ ಬರುವುದಿಲ್ಲ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದು ಸೇವ್ ಮಾಡಿದ ಲೋಕ ಹಳೆಯ ಆವೃತ್ತಿಗೆ ಸಾಮಾನ್ಯವಾಗಿ ಹಿಂತಿರುಗುವುದಿಲ್ಲ, ಆದ್ದರಿಂದ ನಕಲು ಮಾಡುವ ಕೆಲಸ ಅಪ್‌ಡೇಟಿಗೆ ಮುಂಚೆಯೇ ಆಗಬೇಕು. ಕ್ಲೌಡ್ ಸೇವ್ (ಸೇವ್‌ನ ಆನ್‌ಲೈನ್ ನಕಲು) ಇದೆ ಎಂದು ನೆಚ್ಚಿಕೊಂಡು ಕೂರಬೇಡಿ. ಅದು ಇತ್ತೀಚಿನ ಸ್ಥಿತಿಯನ್ನು ಕಾಪಾಡುತ್ತದೆ. ಆ ಇತ್ತೀಚಿನ ಸ್ಥಿತಿಯೇ ಕುಸಿದ ಮನೆಯಾಗಿದ್ದರೆ ಕುಸಿದ ಮನೆಯನ್ನೇ ಕಾಪಾಡುತ್ತದೆ.

ಏಳನೇರಾತ್ರಿ

ಕಲ್ಲುಕೊಡಲಿ ಅವರು ಸೇವ್ ಉಳಿಸುವ ಬಗ್ಗೆ ಹೇಳಿದ್ದೆಲ್ಲ ಸರಿ, ಆದರೆ ಉಳಿಸಬೇಕಾದದ್ದು ಇನ್ನೊಂದಿದೆ, ಅದಕ್ಕೆ ಬ್ಯಾಕಪ್ ಇಲ್ಲ. ಈ ಬಗೆಯ ಆಟಗಳಲ್ಲಿ ಆಟಗಾರನ ಕೈಯಲ್ಲಿರುವ ಅತ್ಯಂತ ಬೆಲೆಬಾಳುವ ವಸ್ತು ಅವನಿಗೆ ಏನೂ ಗೊತ್ತಿಲ್ಲ ಎಂಬುದು. ಬಂಡೆಯ ಸಂದಿಯಲ್ಲಿ ಕಳೆದ ಆ ಮೂರು ರಾತ್ರಿಗಳನ್ನು ನೀವು ಐದು ತಿಂಗಳ ಮೇಲೂ ನೆನಪಿಟ್ಟು ಬರೆದಿದ್ದೀರಿ. ಹೊರಗೆ ಕೂಗುತ್ತಿದ್ದದ್ದು ಯಾವ ಪ್ರಾಣಿ, ಅದು ಬೆಂಕಿಗೆ ಹೆದರುತ್ತದೆಯೇ ಇಲ್ಲವೇ ಎಂಬುದು ಆಗ ನಿಮಗೆ ತಿಳಿದಿರಲಿಲ್ಲ. ಈಗ ಹೊಸ ಲೋಕ ಆರಂಭಿಸಿದರೆ ಅದೇ ಬಂಡೆ, ಅದೇ ಕೂಗು ಇರುತ್ತದೆ, ನಿಮಗೆ ಭಯ ಮಾತ್ರ ಇರುವುದಿಲ್ಲ.

ಕೈಯಿಂದ ರೂಪಿಸಿದ ಮ್ಯಾಪಿನ ಆಟಗಳಲ್ಲಿ ಈ ನಷ್ಟ ಹೆಚ್ಚು. ಸಬ್‌ನಾಟಿಕಾ 2014ರ ಡಿಸೆಂಬರಿನಲ್ಲಿ ಅರ್ಲಿ ಆಕ್ಸೆಸ್‌ಗೆ ಬಂದು 2018ರ ಜನವರಿಯಲ್ಲಿ ಪೂರ್ಣಗೊಂಡಿತು. ಆ ಸಮುದ್ರ ಎಲ್ಲ ಆಟಗಾರರಿಗೂ ಒಂದೇ. ಎಷ್ಟು ಆಳಕ್ಕೆ ಇಳಿಯಬಲ್ಲೆ, ಅಲ್ಲಿ ಏನಿದೆ ಎಂಬ ಅಳುಕಿನ ಮೇಲೆಯೇ ಆ ಆಟ ನಿಂತಿದೆ. ಕಥೆಯ ಬಹುಭಾಗ ಸೇರಿಕೊಳ್ಳುವ ಮೊದಲೇ ಅದರ ಗುಹೆಗಳನ್ನೆಲ್ಲ ಈಜಿ ಮುಗಿಸಿದವರು ಪೂರ್ಣ ಆವೃತ್ತಿಯನ್ನು ತೆರೆದಾಗ ಸಮುದ್ರ ಅವರಿಗೆ ಪರಿಚಿತವಾಗಿಬಿಟ್ಟಿತ್ತು. ನನಗೂ ಬೇರೊಂದು ಆಟದಲ್ಲಿ ಹೀಗೇ ಆಯಿತು. ಮೂರು ವರ್ಷ ಪ್ರತಿ ಅಪ್‌ಡೇಟನ್ನೂ ಬಿಡದೆ ಆಡಿದ್ದರಿಂದ, ಕೊನೆಯಲ್ಲಿ ಬಹಳ ಸುಂದರವಾದ ಕಥೆಯೊಂದು ಬಂದಾಗ ಅದರ ಪ್ರತಿಯೊಂದು ಜಾಗವೂ ನನಗೆ ಕಂಠಪಾಠವಾಗಿತ್ತು. ಯಾರ ತಪ್ಪೂ ಅಲ್ಲ, ಆದರೂ ಅದನ್ನು ಮೊದಲ ಸಲ ನೋಡುವ ಅವಕಾಶ ನನಗೆ ಇನ್ನೊಮ್ಮೆ ಸಿಗುವುದಿಲ್ಲ ಎಂಬ ಬೇಸರ ಇಂದಿಗೂ ಇದೆ.

ಹಾಗೆಂದು ಎಲ್ಲ ಆಟಗಳಿಗೂ ಕಾಯಿರಿ ಎನ್ನುವುದಿಲ್ಲ. ದಿ ಲಾಂಗ್ ಡಾರ್ಕ್ 2014ರ ಸೆಪ್ಟೆಂಬರಿನಲ್ಲಿ ಬಂದಾಗ ಅದರಲ್ಲಿದ್ದದ್ದು ಹಿಮದಲ್ಲಿ ಬದುಕುಳಿಯುವ ಬಯಲು ಆಟ (ಕಥೆಯಿಲ್ಲದೆ ಇಷ್ಟ ಬಂದಂತೆ ಆಡುವುದು) ಮಾತ್ರ, ಕಥೆಯ ಭಾಗ 2017ರ ಆಗಸ್ಟಿನಲ್ಲಿ ಪೂರ್ಣ ಆವೃತ್ತಿಯೊಂದಿಗೆ ಬಂತು. ಚಳಿ, ಹಸಿವು, ದಣಿವುಗಳ ಲೆಕ್ಕವನ್ನು ಮೊದಲು ಕಲಿತವರಿಗೆ ಕಥೆ ಕೆಡಲಿಲ್ಲ, ಏಕೆಂದರೆ ಅದು ಪ್ರತ್ಯೇಕವಾಗಿತ್ತು. ನಿಮ್ಮ ಆಟದಲ್ಲೂ ಇಂತಹ ವಿಂಗಡಣೆ ಇದ್ದರೆ ಬಯಲು ಆಟವನ್ನು ಈಗ ಆಡಿ, ಕಥೆಯನ್ನು ಮುಟ್ಟಬೇಡಿ. ಇಲ್ಲದಿದ್ದರೆ ಮ್ಯಾಪಿನಲ್ಲಿ ನೀವು ಇನ್ನೂ ಹೋಗದ ದಿಕ್ಕೊಂದಿದ್ದರೆ ಅದನ್ನಾದರೂ 1.0ಗಾಗಿ ಉಳಿಸಿಕೊಳ್ಳಿ. ನನ್ನ ಮಟ್ಟಿಗೆ ನಿಮ್ಮ ತಮ್ಮನ ಮಾತೇ ಸರಿ.

ಹಿಮಹಾದಿ

ಏಳನೇರಾತ್ರಿ ಅವರ ಬೇಸರ ನನಗೆ ಅರ್ಥವಾಗುತ್ತದೆ, ಆದರೆ 1.0ಗಾಗಿ ಕಾಯಿರಿ ಎಂಬ ಸಲಹೆಯನ್ನು ನಾನು ಒಪ್ಪಲಾರೆ. 1.0 ಎಂಬುದು ಆಟ ಮುಗಿದ ದಿನ ಎಂದು ಅಂದುಕೊಂಡರೆ ಮಾತ್ರ ಆ ಸಲಹೆಗೆ ಅರ್ಥವಿದೆ, ಆದರೆ ನಿಜದಲ್ಲಿ ಅದು ತಂಡದವರು ಹಾಗೆಂದು ಹೆಸರಿಟ್ಟ ದಿನ, ಅಷ್ಟೇ.

ಇತಿಹಾಸವನ್ನೇ ನೋಡಿ. ಸ್ಟೀಮ್‌ನಲ್ಲಿ ಅರ್ಲಿ ಆಕ್ಸೆಸ್ ಆರಂಭವಾದದ್ದು 2013ರ ಮಾರ್ಚಿನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಡೇಝಡ್ ಪೂರ್ಣಗೊಂಡದ್ದು 2018ರ ಡಿಸೆಂಬರಿನಲ್ಲಿ; ನಡುವೆ ಅದರ ಎಂಜಿನ್ನನ್ನೇ ಬದಲಿಸುವ ಕೆಲಸ ನಡೆಯಿತು. 2013ರ ಅದೇ ಡಿಸೆಂಬರಿನಲ್ಲಿ ಬಂದ ಸೆವೆನ್ ಡೇಸ್ ಟು ಡೈ ಪೂರ್ಣಗೊಂಡದ್ದು 2024ರ ಜುಲೈನಲ್ಲಿ. ಅಷ್ಟರಲ್ಲಿ ಅದರ ಕೌಶಲ ಕಲಿಕೆಯ ಪದ್ಧತಿ ಹಲವು ಬಾರಿ ಬದಲಾಗಿತ್ತು. ಒಂದು ಕಾಲದಲ್ಲಿ ಕೆಲಸ ಮಾಡಿದಷ್ಟೂ ಆ ಕೆಲಸದಲ್ಲಿ ಕೈ ಪಳಗುತ್ತಿತ್ತು, ಆಮೇಲೆ ಅಂಕಗಳನ್ನು ಕೊಟ್ಟು ಕೌಶಲ ಪಡೆಯುವ ಪದ್ಧತಿ ಬಂತು, 2023ರ ಆವೃತ್ತಿಯಲ್ಲಿ ಹೊಸ ವಸ್ತುಗಳ ತಯಾರಿಕೆಯನ್ನು ನಿಯತಕಾಲಿಕೆಗಳನ್ನು ಹುಡುಕಿ ಓದಿ ಕಲಿಯುವಂತಾಯಿತು. ಇವುಗಳಲ್ಲಿ ಮೊದಲನೆಯದನ್ನೇ ಮೆಚ್ಚಿದವರು ಇಂದಿಗೂ ಇದ್ದಾರೆ. ಕಾಯುತ್ತ ಕುಳಿತವರಿಗೆ ಆ ಆಟ ಸಿಗಲೇ ಇಲ್ಲ. ಇನ್ನೊಂದು ಕಡೆ, ಸನ್ಸ್ ಆಫ್ ದಿ ಫಾರೆಸ್ಟ್ 2023ರ ಫೆಬ್ರವರಿಯಲ್ಲಿ ಬಂದು ಒಂದೇ ವರ್ಷಕ್ಕೆ ಪೂರ್ಣಗೊಂಡಿತು. ಗ್ರೌಂಡೆಡ್‌ಗೆ ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಬೇಕಾಯಿತು. ಎಷ್ಟು ಕಾಲವೆಂದು ಮೊದಲೇ ತಿಳಿಯುವ ಮಾರ್ಗವಿಲ್ಲ. 1.0 ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ದಿ ಲಾಂಗ್ ಡಾರ್ಕ್‌ನ ಕಥೆಯಲ್ಲಿ ಐದು ಭಾಗಗಳೆಂದು ಯೋಜಿಸಿದ್ದರೂ 2017ರಲ್ಲಿ ಬಂದದ್ದು ಎರಡೇ. ಮೂರನೆಯದು 2019ರಲ್ಲಿ, ನಾಲ್ಕನೆಯದು 2021ರಲ್ಲಿ ಬಂತು.

ಲೋಕ ಅಳಿಯುವುದನ್ನು ಇನ್ನೊಂದು ರೀತಿಯಲ್ಲೂ ನೋಡಬಹುದು. ರಸ್ಟ್ ಆಟದಲ್ಲಿ ಪ್ರತಿ ತಿಂಗಳ ಮೊದಲ ಗುರುವಾರ ಅಪ್‌ಡೇಟಿನೊಂದಿಗೆ ಸರ್ವರುಗಳ ಮ್ಯಾಪ್ ಅಳಿದು ಎಲ್ಲರೂ ಹೊಸದಾಗಿ ಆರಂಭಿಸುತ್ತಾರೆ. ಅರ್ಲಿ ಆಕ್ಸೆಸ್ ಮುಗಿದು ವರ್ಷಗಳಾದರೂ ಆ ಪದ್ಧತಿ ಉಳಿದಿದೆ. ಅಲ್ಲಿ ಮನೆ ಕಟ್ಟುವವನಿಗೆ ಅದರ ಆಯುಷ್ಯ ಎಷ್ಟೆಂದು ಮೊದಲೇ ಗೊತ್ತಿರುವುದರಿಂದ, ಅವನು ಕಟ್ಟುವ ರೀತಿಯೇ ಬೇರೆ. ನಿಮ್ಮ ಆಟದಲ್ಲಿ ದೊಡ್ಡ ಅಪ್‌ಡೇಟುಗಳು ಎಷ್ಟು ತಿಂಗಳಿಗೊಮ್ಮೆ ಬಂದಿವೆ ಎಂದು ಹಳೆಯ ಪ್ಯಾಚ್ ನೋಟ್ಸ್ ನೋಡಿ ಲೆಕ್ಕ ಹಾಕಿ, ಅಷ್ಟು ಕಾಲಕ್ಕೆ ತಕ್ಕ ಮನೆ ಕಟ್ಟಿ. ನಾನು ಈಚೆಗೆ ಯಾವ ಅರ್ಲಿ ಆಕ್ಸೆಸ್ ಆಟದಲ್ಲೂ ಉಗ್ರಾಣ ತುಂಬಿಸುವುದಿಲ್ಲ. ನಾಲ್ಕು ದಿನಕ್ಕಾಗುವಷ್ಟು ಆಹಾರ, ಎರಡು ಆಯುಧ, ಒಂದು ಹಾಸಿಗೆ ಇಟ್ಟುಕೊಂಡು ಅಲೆಯುತ್ತೇನೆ. ಒಂದೇ ಕಡೆ ನೆಲೆ ನಿಂತಾಗ ಕಾಣದಿದ್ದ ಹಲವು ಸಂಗತಿಗಳು ಹಾಗೆ ಅಲೆಯುವಾಗ ಕಂಡಿವೆ.

ಈ ಚರ್ಚೆಯನ್ನು ಹೊಸಬರೂ ಓದಬಹುದಾದ್ದರಿಂದ, ಇಂತಹ ಆಟವನ್ನು ಕೊಳ್ಳುವ ಮೊದಲು ತಂಡವನ್ನು ಅಳೆಯುವ ಬಗ್ಗೆಯೂ ಹೇಳಿಬಿಡುತ್ತೇನೆ. ಸ್ಟೀಮ್‌ನ ಪುಟದಲ್ಲಿ ಅರ್ಲಿ ಆಕ್ಸೆಸ್ ಏಕೆ, ಎಷ್ಟು ಕಾಲ, ಈಗಿನ ಸ್ಥಿತಿ ಏನು, ಪೂರ್ಣ ಆವೃತ್ತಿಯಲ್ಲಿ ಏನು ಹೆಚ್ಚಿರುತ್ತದೆ ಎಂಬ ಪ್ರಶ್ನೆಗಳಿಗೆ ತಂಡವೇ ಉತ್ತರಿಸಿರುತ್ತದೆ. ಅವುಗಳಲ್ಲಿ ಈಗಿನ ಸ್ಥಿತಿಯ ಉತ್ತರವನ್ನು ಮಾತ್ರ ನಂಬಿ, ಅದು ನಿಮಗೆ ಸಾಕೆನಿಸಿದರೆ ಕೊಳ್ಳಿ. ಮುಂದಿನ ಯೋಜನೆಗಳ ಚಿತ್ರಪಟಕ್ಕಿಂತ ಕಳೆದ ಒಂದು ವರ್ಷದ ಪ್ಯಾಚ್ ನೋಟ್ಸ್ ಹೆಚ್ಚು ಸತ್ಯ ಹೇಳುತ್ತವೆ. ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಅಪ್‌ಡೇಟ್ ಕಾಣದ ಆಟಗಳ ಪುಟದಲ್ಲಿ ಅದನ್ನು ತಿಳಿಸುವ ಸೂಚನೆಯನ್ನು ಸ್ಟೀಮ್ 2025ರಿಂದ ತೋರಿಸುತ್ತಿದೆ, ಅದು ಕಂಡರೆ ದೂರವಿರಿ. ಕೈಬಿಟ್ಟುಹೋದ ಆಟಗಳೂ ಉಂಟು. ಡೈನೋಸಾರುಗಳ ನಡುವೆ ಬೇಟೆಯಾಡಿ ಬದುಕುವ ದಿ ಸ್ಟಾಂಪಿಂಗ್ ಲ್ಯಾಂಡ್ 2014ರಲ್ಲಿ ಬಹಳ ನಿರೀಕ್ಷೆ ಹುಟ್ಟಿಸಿ ಅರ್ಲಿ ಆಕ್ಸೆಸ್‌ಗೆ ಬಂತು, ಆದರೆ ಪೂರ್ಣಗೊಳ್ಳಲೇ ಇಲ್ಲ. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂತಿರುಗಿಸುತ್ತದೆ. ಆದರೆ ಸರ್ವೈವಲ್ ಆಟದಲ್ಲಿ ಎರಡು ಗಂಟೆಗೆ ಮೊದಲ ರಾತ್ರಿ ಕಳೆದರೆ ಹೆಚ್ಚು. ಆದ್ದರಿಂದ ಆ ಎರಡು ಗಂಟೆಗಳನ್ನು ಮರ ಕಡಿಯುವುದರಲ್ಲೇ ಕಳೆಯದೆ, ನಿಮ್ಮ ಕಂಪ್ಯೂಟರಿನಲ್ಲಿ ಆಟ ಸರಾಗವಾಗಿ ಓಡುತ್ತದೆಯೇ, ಸೇವ್ ಮಾಡಿ ಮುಚ್ಚಿ ತೆರೆದರೆ ಎಲ್ಲವೂ ಇದ್ದಲ್ಲಿಯೇ ಇದೆಯೇ, ಜೊತೆಗಾರ ಬಂದು ಸೇರಿಕೊಳ್ಳಬಲ್ಲನೇ ಎಂಬುದನ್ನು ಪರೀಕ್ಷಿಸಲು ಬಳಸಿ.

ನದಿತಿರುವು

ಇಷ್ಟು ವಿವರವಾಗಿ ಬರೆದ ಮೂವರಿಗೂ ಕೃತಜ್ಞತೆಗಳು. ಕಲ್ಲುಕೊಡಲಿ ಅವರು ಊಹಿಸಿದಂತೆ ನಮ್ಮದು ಕೈಯಿಂದ ರೂಪಿಸಿದ ಮ್ಯಾಪ್, ಮತ್ತು ಬೀಟಾಸ್ ಎಂಬಲ್ಲಿ ಹಿಂದಿನ ಎರಡು ಆವೃತ್ತಿಗಳ ಹೆಸರುಗಳಿವೆ. ಮನೆ ಕುಸಿಯುವ ಮೊದಲಿನ ಸೇವ್ ನಮ್ಮಲ್ಲಿ ಇರಲಿಲ್ಲ ಎಂದುಕೊಂಡಿದ್ದೆ, ಆದರೆ ತಮ್ಮ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹುಡುಕಿದಾಗ ಏಳು ವಾರಗಳ ಹಿಂದಿನ ನಕಲೊಂದು ಸಿಕ್ಕಿತು. ಕಾವಲು ಅಟ್ಟವನ್ನು ಕಟ್ಟುವ ಮೊದಲಿನದು ಅದು, ಉಳಿದದ್ದೆಲ್ಲ ಇದೆ.

ಏಳನೇರಾತ್ರಿ ಅವರ ಮಾತು ತಮ್ಮನಿಗೆ ಬಹಳ ಹಿಡಿಸಿತು. ಉತ್ತರದ ಹಿಮಪರ್ವತದ ಕಡೆಗೆ ನಾವು ಇನ್ನೂ ಹೋಗಿಲ್ಲ. ಅಲ್ಲಿಗೆ ಹೋಗುವುದೇ ಬೇಡ ಎಂದು ಅವನು ಪಟ್ಟು ಹಿಡಿದಿದ್ದಾನೆ. ಆದರೆ ನನಗೆ ಹೊಸ ಅಪ್‌ಡೇಟನ್ನೂ ನೋಡುವ ಆಸೆಯಿದೆ. ಒಬ್ಬರು ಹಳೆಯ ಆವೃತ್ತಿಯಲ್ಲಿ, ಇನ್ನೊಬ್ಬರು ಹೊಸದರಲ್ಲಿ ಇದ್ದುಕೊಂಡು ಒಟ್ಟಿಗೆ ಆಡಲು ಆಗುತ್ತದೆಯೇ? ಆಗದಿದ್ದರೆ ನನ್ನ ಪಾತ್ರವನ್ನಾದರೂ ಎರಡೂ ಕಡೆ ಬಳಸಬಹುದೇ?

ಕಲ್ಲುಕೊಡಲಿ

ಒಟ್ಟಿಗೆ ಆಡುವವರೆಲ್ಲರದ್ದೂ ಒಂದೇ ಆವೃತ್ತಿಯಾಗಿರಬೇಕು. ಪ್ರತ್ಯೇಕ ಸರ್ವರ್ ಇಟ್ಟುಕೊಂಡಿದ್ದರೆ ಅದೂ ಅದೇ ಆವೃತ್ತಿಯಲ್ಲಿರಬೇಕು. ಇಲ್ಲವಾದರೆ ಆಟ ಸೇರಲು ಬಿಡುವುದಿಲ್ಲ.

ಪಾತ್ರದ ವಿಚಾರ ಆಟದಿಂದ ಆಟಕ್ಕೆ ಬೇರೆ. ಕೆಲವು ಆಟಗಳಲ್ಲಿ ಪಾತ್ರ ಲೋಕದೊಳಗೇ ಸೇರಿರುತ್ತದೆ. ವಾಲ್‌ಹೈಮ್‌ನಂತಹವುಗಳಲ್ಲಿ ಪಾತ್ರಕ್ಕೆ ಪ್ರತ್ಯೇಕ ಫೈಲಿದ್ದು, ಕೌಶಲ ಮತ್ತು ಕೈಯಲ್ಲಿರುವ ಸಾಮಾನಿನೊಂದಿಗೆ ಅದು ಬೇರೆ ಲೋಕಕ್ಕೂ ಹೋಗಬಲ್ಲದು. ಹಾಗಿದ್ದರೂ ಹೊಸ ಆವೃತ್ತಿಯಲ್ಲಿ ಆಡಿದ ಪಾತ್ರವನ್ನು ಹಳೆಯದಕ್ಕೆ ಮರಳಿ ತರಬೇಡಿ. ಹೊಸದಕ್ಕೆ ಹೊಸ ಪಾತ್ರವನ್ನೇ ಸೃಷ್ಟಿಸುವುದು ಕ್ಷೇಮ. ಹಳೆಯ ಲ್ಯಾಪ್‌ಟಾಪಿನಲ್ಲಿ ಸಿಕ್ಕ ನಕಲನ್ನು ತೆರೆಯುವ ಮೊದಲು ಅದರದೇ ಇನ್ನೊಂದು ನಕಲು ಮಾಡಿಕೊಳ್ಳಿ, ಮತ್ತು ಅದನ್ನು ಮೊದಲ ಸಲ ತೆರೆಯುವಾಗ ಆ ಆಟದ ಮಟ್ಟಿಗೆ ಸ್ಟೀಮ್ ಕ್ಲೌಡನ್ನು ನಿಲ್ಲಿಸಿ. ಇಲ್ಲದಿದ್ದರೆ ಕ್ಲೌಡಿನಲ್ಲಿರುವ ಕುಸಿದ ಮನೆಯ ಸೇವ್ ಅದರ ಮೇಲೆ ಬಂದು ಕೂರುವ ಅಪಾಯವಿದೆ.

ದೀಪಸ್ತಂಭ

ನಾನು ಹಲವು ವರ್ಷಗಳಿಂದ ಇಂತಹ ಆಟಗಳನ್ನು ಮುಖ್ಯವಾಗಿ ಪರೀಕ್ಷಕನ ದೃಷ್ಟಿಯಿಂದ ಆಡುತ್ತ ಬಂದಿದ್ದೇನೆ, ಆದ್ದರಿಂದ ಹೊಸ ಅಪ್‌ಡೇಟನ್ನು ನೋಡುವ ಆಸೆಯಿದೆ ಎಂದ ನದಿತಿರುವು ಅವರಿಗೆ ಒಂದು ಮಾತು ಹೇಳಬೇಕೆನಿಸಿತು. ಹೊಸ ಆವೃತ್ತಿಯಲ್ಲಿ ಸೃಷ್ಟಿಸುವ ಲೋಕದಲ್ಲಿ ನೆಲೆ ನಿಲ್ಲುವ ಯೋಚನೆ ಇಟ್ಟುಕೊಳ್ಳಬೇಡಿ. ಏನು ಮುರಿಯುತ್ತದೆ ಎಂದು ನೋಡಲೆಂದೇ ಆ ಲೋಕ ಇರಲಿ. ನೀರಿನ ಅಂಚಿನಲ್ಲಿ, ಕಡಿದಾದ ಇಳಿಜಾರಿನಲ್ಲಿ, ಗುಹೆಯ ಬಾಯಲ್ಲಿ ಕಟ್ಟಿ ನೋಡಿ, ಮಳೆಯಲ್ಲಿ ಬೆಂಕಿ ಹಚ್ಚಿ ನೋಡಿ, ಜೊತೆಗಾರ ಹಾಸಿಗೆಯಲ್ಲಿ ಮಲಗಿರುವಾಗ ಆಟ ಬಿಟ್ಟು ಹೊರಬಂದು ನೋಡಿ. ತಪ್ಪುಗಳು ಇಂತಹ ಸಂದುಗಳಲ್ಲೇ ಇರುತ್ತವೆ. ತಂಡದ ಹತ್ತು ಜನ ಒಂದು ತಿಂಗಳಲ್ಲಿ ಮಾಡುವ ತಪ್ಪುಗಳಿಗಿಂತ ಹೆಚ್ಚು ಬಗೆಯ ತಪ್ಪುಗಳನ್ನು ಸಾವಿರಾರು ಆಟಗಾರರು ಒಂದು ಸಂಜೆಯಲ್ಲಿ ಮಾಡುತ್ತಾರೆ, ಅರ್ಲಿ ಆಕ್ಸೆಸ್‌ನ ನಿಜವಾದ ಪ್ರಯೋಜನ ಇದೇ ಎಂದು ನಾನು ನಂಬಿದ್ದೇನೆ. ಸಬ್‌ನಾಟಿಕಾದಲ್ಲಿ ಒಂದು ಕೀಲಿ ಒತ್ತಿದರೆ ಅನಿಸಿಕೆ ಬರೆಯುವ ಪೆಟ್ಟಿಗೆ ಆಟದೊಳಗೇ ತೆರೆದುಕೊಳ್ಳುತ್ತಿತ್ತು, ಆಟಗಾರ ಇದ್ದ ಜಾಗದಿಂದಲೇ ಅದು ತಂಡಕ್ಕೆ ತಲುಪುತ್ತಿತ್ತು. ನಿಮ್ಮ ಆಟದಲ್ಲಿ ಅಂತಹದ್ದು ಇದೆಯೇ ನೋಡಿ.

ವರದಿ ಬರೆಯುವಾಗ ಮನೆ ಬಿದ್ದುಹೋಯಿತು ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಾಗುವುದಿಲ್ಲ. ಆವೃತ್ತಿಯ ಸಂಖ್ಯೆ, ಒಬ್ಬರೇ ಆಡುತ್ತಿದ್ದಿರೋ ಜೊತೆಯಲ್ಲೋ, ಯಾವ ಜಾಗ, ಮುರಿಯುವ ಮೊದಲು ಮಾಡಿದ ಕೊನೆಯ ಮೂರು ಕೆಲಸಗಳು, ಅದೇ ಕ್ರಮದಲ್ಲಿ ಮಾಡಿದರೆ ಮತ್ತೆ ಮುರಿಯುತ್ತದೆಯೇ ಎಂಬುದನ್ನು ಬರೆಯಿರಿ, ಸಾಧ್ಯವಾದರೆ ಸೇವ್ ಫೈಲನ್ನೂ ಲಗತ್ತಿಸಿ. ಮಾಡ್‌ಗಳನ್ನು (ಆಟಕ್ಕೆ ಹೊರಗಿನವರು ಮಾಡಿದ ಸೇರ್ಪಡೆಗಳನ್ನು) ಬಳಸುತ್ತಿದ್ದರೆ ಅವನ್ನೆಲ್ಲ ತೆಗೆದು ಹೊಸ ಲೋಕದಲ್ಲಿ ಒಮ್ಮೆ ಪರೀಕ್ಷಿಸಿದ ನಂತರವೇ ವರದಿ ಮಾಡಿ. ಮಾಡ್‌ನಿಂದಾದ ತೊಂದರೆಯ ಹಿಂದೆ ತಂಡ ಎರಡು ದಿನ ಅಲೆದರೆ ನಿಜವಾದ ದೋಷವೊಂದು ಎರಡು ದಿನ ಹಾಗೇ ಉಳಿಯುತ್ತದೆ. ಆಟ ನಿಧಾನವಾಗಿ ಓಡುತ್ತದೆ ಎಂಬ ದೂರನ್ನು ಮಾತ್ರ ಸ್ವಲ್ಪ ತಡೆದುಕೊಳ್ಳಿ. ವಸ್ತುಗಳೂ ನಿಯಮಗಳೂ ಇನ್ನೂ ಬದಲಾಗುತ್ತಿರುವಾಗ ವೇಗ ಹೆಚ್ಚಿಸುವ ಕೆಲಸ ಮಾಡಿದರೆ ಅದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ, ಹೀಗಾಗಿ ತಂಡಗಳು ಅದನ್ನು ಸಾಮಾನ್ಯವಾಗಿ ಕೊನೆಯ ಹಂತಕ್ಕೆ ಇಟ್ಟುಕೊಳ್ಳುತ್ತವೆ. ಅಲ್ಲಿಯವರೆಗೆ ದೊಡ್ಡ ಮನೆಗಳ ಹತ್ತಿರ ಆಟ ತಡವರಿಸುವುದು ಸಹಜ, ಅಲ್ಲಿ ಪ್ರತಿ ತೊಲೆಯನ್ನೂ ಪ್ರತಿ ದೀಪವನ್ನೂ ಆಟ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಿರುತ್ತದೆ.

ಏಳನೇರಾತ್ರಿ

ಹಿಮಹಾದಿ ಅವರು ಹೇಳಿದಂತೆ, ಹಿಂದಿನ ಪದ್ಧತಿಯೇ ಉತ್ತಮವಾಗಿದ್ದು ನಂತರ ಅದು ಕಾಣೆಯಾಗುವ ಸಾಧ್ಯತೆಯನ್ನು ನಾನು ಯೋಚಿಸಿರಲಿಲ್ಲ. ಅದು ನ್ಯಾಯವಾದ ಮಾತು. ಆದರೂ ಉತ್ತರದ ಪರ್ವತದ ವಿಚಾರದಲ್ಲಿ ತಮ್ಮನ ಪಟ್ಟನ್ನು ದಯವಿಟ್ಟು ಸಡಿಲಿಸಬೇಡಿ. ಹೊಸ ಅಪ್‌ಡೇಟಿನ ವಿಡಿಯೋಗಳಲ್ಲೂ ಆ ಭಾಗ ಬಂದರೆ ಮುಂದಕ್ಕೆ ಓಡಿಸಿ.

ನದಿತಿರುವು

ನಿನ್ನೆ ರಾತ್ರಿ ಕ್ಲೌಡ್ ನಿಲ್ಲಿಸಿ, ನಕಲಿನ ನಕಲು ಮಾಡಿಟ್ಟು, ಹಿಂದಿನ ಆವೃತ್ತಿಯನ್ನು ಇಬ್ಬರ ಕಂಪ್ಯೂಟರಿನಲ್ಲೂ ಆರಿಸಿ ಹಳೆಯ ಲೋಕವನ್ನು ತೆರೆದೆವು. ಮನೆ ನಿಂತಿತ್ತು. ಚಪ್ಪರದಲ್ಲಿ ಏಳು ವಾರಗಳ ಹಿಂದೆ ನೇತುಹಾಕಿದ್ದ ಮೀನು ಇನ್ನೂ ಒಣಗುತ್ತಿತ್ತು, ತಮ್ಮ ಅದನ್ನು ನೋಡಿ ಬಹಳ ಹೊತ್ತು ಅಲ್ಲೇ ನಿಂತ. ಅಟ್ಟವನ್ನು ಈ ವಾರ ಮತ್ತೆ ಕಟ್ಟುತ್ತೇವೆ, ಈ ಸಲ ಅದರ ಕಿಟಕಿ ಉತ್ತರದ ಕಡೆಗೆ ಬೇಡ ಎಂದು ಅವನೇ ಹೇಳಿದ್ದಾನೆ.

ದೊಡ್ಡ ಅಪ್‌ಡೇಟ್ ಬಂದ ದಿನ ನಾನೊಬ್ಬನೇ ಅದರಲ್ಲಿ ಹೊಸ ಪಾತ್ರ ಆರಂಭಿಸುತ್ತೇನೆ. ದೀಪಸ್ತಂಭ ಅವರು ಹೇಳಿದ ನೀರಿನ ಅಂಚು, ಇಳಿಜಾರು, ಗುಹೆಯ ಬಾಯಿ ಮೂರೂ ಕಡೆ ಕಟ್ಟಿ ನೋಡಿ, ಕಂಡದ್ದನ್ನು ಮೊದಲು ತಂಡಕ್ಕೆ ಬರೆದು ಆಮೇಲೆ ಇಲ್ಲಿಯೂ ಬರೆಯುತ್ತೇನೆ. ಈ ಸಲ ಪ್ಯಾಚ್ ನೋಟ್ಸ್ ಪೂರ್ತಿ ಓದಿದ ಮೇಲೆಯೇ ಆಟ ತೆರೆಯುತ್ತೇನೆ.